ನಕ್ಷೆ ಮಂಜೂರಾತಿ ಆನ್‌ಲೈನಿಗೆ ಬಂತು, ಆಕ್ಷೇಪಣೆಗಳೂ ಬಂದವು

1976ರ ಕೆಎಂಸಿ (ಕರ್ನಾಟಕ ಮಹಾನಗರ ಪಾಲಿಕೆಗಳ) ಕಾಯ್ದೆಯ 299ನೇ ಕಲಮಿನ ಪ್ರಕಾರ ಪಾಲಿಕೆ ವ್ಯಾಪ್ತಿಯಲ್ಲಿ ಮನೆ ಕಟ್ಟುವವರು ನಕ್ಷೆ, ದಾಖಲೆಗಳೊಂದಿಗೆ ಆಯುಕ್ತರಿಗೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ದಶಕಗಳ ಕಾಲ ಈ ಅರ್ಜಿ ಎಂದರೆ ಒಂದು ಕಡತ: ಕ್ರಯಪತ್ರ, ಖಾತಾ, ತೆರಿಗೆ ರಸೀದಿ, ನಕ್ಷೆಯ ಪ್ರತಿಗಳು. ಎಂಜಿನಿಯರರ ಮೇಜಿಂದ ನಗರ ಯೋಜನೆಯ ಸಹಾಯಕ ನಿರ್ದೇಶಕರಲ್ಲಿಗೆ ಹೋಗಿ, ಒಂದು ಷರಾ ಬರೆಸಿಕೊಂಡು ಮತ್ತೆ ಕೆಳಗಿಳಿಯುತ್ತಿತ್ತು. ಕಡತ ಈ ಹೊತ್ತು ಯಾರ ಬಳಿ ಇದೆ ಎಂದು ಹೇಳಬಲ್ಲ ಮಧ್ಯವರ್ತಿಗೆ ಅದೇ ಬಂಡವಾಳ.

2012ರ ಏಪ್ರಿಲ್‌ನಲ್ಲಿ ಸಕಾಲ ಕಾಯ್ದೆ ಜಾರಿಯಾಗಿ ಸರ್ಕಾರಿ ಸೇವೆಗಳಿಗೆ ಗಡುವು ಬಂತು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಸಾಲ ಮಾಡಿ ಮನೆ ಕಟ್ಟುವವರಿಗೆ ಈ ಮೊತ್ತ ಯಾವ ಲೆಕ್ಕ? ಮೇಲಾಗಿ, ಅರ್ಜಿ ತಿರಸ್ಕರಿಸಿದರೂ ಅದು ವಿಲೇವಾರಿಯೇ.

ನಿಜವಾದ ಬದಲಾವಣೆ ತಂದದ್ದು ಆನ್‌ಲೈನಿನಲ್ಲಿ ಏರಿಸಿದ ನಕ್ಷೆಯನ್ನೇ ಓದುವ ತಂತ್ರಾಂಶ. 30×40 ಸೈಟು 1200 ಚದರಡಿ. 'ಪರಿಷ್ಕೃತ ಮಹಾಯೋಜನೆ 2015'ರಂತೆ ನೆಲವ್ಯಾಪ್ತಿ (ಕಟ್ಟಡ ಆವರಿಸಬಹುದಾದ ನೆಲ) ಶೇ 75, ಅಂದರೆ 900 ಚದರಡಿ, ಎಫ್‌ಎಆರ್ (ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ಸೈಟಿನ ಎಷ್ಟು ಪಟ್ಟು ಎಂಬ ಲೆಕ್ಕ) 1.75, ಅಂದರೆ ಒಟ್ಟು 2100 ಚದರಡಿ. ಈ ಲೆಕ್ಕ ಈಗ ನಿಮಿಷಗಳ ಕೆಲಸ. ಆದರೆ ಚಿತ್ರ ಅದಕ್ಕೆ ಅರ್ಥವಾಗುವಂತಿರಬೇಕು. ಸೈಟಿನ ಗಡಿ, ಕಟ್ಟಡದ ಅಂಚು, ಪಾರ್ಕಿಂಗ್, ರಸ್ತೆ ಎಲ್ಲಕ್ಕೂ ನಿಗದಿತ ಹೆಸರಿನ ಲೇಯರ್ (ಚಿತ್ರದ ಪದರ) ಬೇಕು. ಗಡಿಯ ಪಾಲಿಲೈನ್ (ಸುತ್ತಲೂ ಎಳೆದ ಗೆರೆ) ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡಿದ್ದರೂ ವಿಸ್ತೀರ್ಣ ಸಿಗದು, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಲೆಕ್ಕ ಕೆಡುತ್ತದೆ. ಮಿಲಿಮೀಟರಿನಲ್ಲಿ ಬರೆದದ್ದನ್ನು ಮೀಟರ್ ಎಂದು ಓದಿದರಂತೂ ಸೈಟು ಹತ್ತು ಲಕ್ಷ ಪಟ್ಟು ದೊಡ್ಡದಾಗುತ್ತದೆ. ಮುದ್ರಿಸಿ ನೋಡಿದರೆ ನಕ್ಷೆ ಸರಿಯಾಗಿಯೇ ಕಾಣುವುದರಿಂದ ಈ ತಪ್ಪುಗಳು ಮಾಲೀಕರ ಕಣ್ಣಿಗೆ ಬೀಳುವುದಿಲ್ಲ.

ದಾಖಲೆಗಳ ತೊಡಕು ಇದಕ್ಕಿಂತ ಹಳೆಯದು. ಕ್ರಯಪತ್ರದಲ್ಲಿ 30 ಅಡಿ, ಜಾಗದಲ್ಲಿ 29.5, ಖಾತಾ ಇನ್ನೂ ತಂದೆಯ ಹೆಸರಲ್ಲಿ, ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ನಕ್ಷೆಯಲ್ಲಿ ಪಕ್ಕದ ಸೈಟು. ಪತ್ರದ ಅಳತೆಗೆ ಬರೆದ ನಕ್ಷೆ ಕಂಪ್ಯೂಟರಿನಲ್ಲಿ ಪಾಸಾಗಿ ಸ್ಥಳ ತನಿಖೆಯಲ್ಲಿ ಬೀಳುತ್ತದೆ. ಹಾಗಾಗಿ ಮೊದಲು ಟೇಪು ಹಿಡಿದು ಅಳೆಯಿರಿ, ಪತ್ರ ಮತ್ತು ಜಾಗ ಇವೆರಡರಲ್ಲಿ ಕಡಿಮೆಯಿರುವ ಅಳತೆಗೆ ನಕ್ಷೆ ಬರೆಸಿ. ಖಾತಾ ತಿದ್ದುಪಡಿ ಅರ್ಜಿಗೆ ಮುಂಚೆಯೇ ಮುಗಿದಿರಲಿ.

2024ರಲ್ಲಿ ಬಿಬಿಎಂಪಿ ತಂದ 'ನಂಬಿಕೆ ನಕ್ಷೆ' ಈ ಕ್ರಮವನ್ನೇ ತಿರುಗಿಸಿತು. 50×80ರವರೆಗಿನ ಸೈಟಿನ ವಾಸದ ಮನೆಗಳಿಗೆ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ತಾವೇ ದೃಢೀಕರಿಸಿ ನಕ್ಷೆ ಏರಿಸಿದರೆ ತಾತ್ಕಾಲಿಕ ಮಂಜೂರಾತಿ ಮೊದಲು, ಅಧಿಕಾರಿಗಳ ಪರಿಶೀಲನೆ ಆಮೇಲೆ. ವೇಗ ಬಂತು, ಜೊತೆಗೆ, ದಾಖಲೆ ಸುಳ್ಳೆಂದು ತಿಳಿಯುವ ಹೊತ್ತಿಗೆ ಪಾಯ ಎದ್ದಿರುವ ಅಪಾಯವೂ ಬಂತು.

ಮಂಜೂರಾದ ನಕ್ಷೆಯಂತೆಯೇ ಕಟ್ಟಿದರೇ ಎಂಬುದನ್ನು ಯಾವ ತಂತ್ರಾಂಶವೂ ನೋಡುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರವಿಲ್ಲದ (ಒಸಿ, ನಕ್ಷೆಯಂತೆ ಕಟ್ಟಿದ್ದನ್ನು ನೋಡಿ ವಾಸಕ್ಕೆ ಕೊಡುವ ಅನುಮತಿ) ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದಿತು. ಮೀಟರ್ ಸಿಗದೆ ಜನ ಪರದಾಡಿದ ಮೇಲೆ, 2025ರಲ್ಲಿ ಬೆಂಗಳೂರಿನ 1200 ಚದರಡಿವರೆಗಿನ ಸೈಟುಗಳ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ಈ ಪತ್ರದಿಂದ ವಿನಾಯಿತಿ ಕೊಟ್ಟಿತು. ಉಳಿದವರಿಗೆ ಪತ್ರ ಸಿಗಬೇಕಾದರೆ ಸೆಟ್‌ಬ್ಯಾಕ್ ಕಾಯ್ದುಕೊಂಡಿರಲೇಬೇಕು. 2003ರ ಕಟ್ಟಡ ಉಪವಿಧಿಗಳು ಕ್ಷಮಿಸಿದ್ದು ಶೇ 5ರಷ್ಟು ವ್ಯತ್ಯಾಸ ಮಾತ್ರ. 1 ಮೀಟರಿಗೆ ಅದು 5 ಸೆಂ.ಮೀ., ಹೊರಗೋಡೆಯ ಪ್ಲಾಸ್ಟರಿಂಗೇ ಅದರಲ್ಲಿ ಸುಮಾರು 2 ಸೆಂ.ಮೀ. ತಿನ್ನುತ್ತದೆ. ಪಾಯಕ್ಕೆ ಗುರುತು ಹಾಕುವಾಗಲೇ ಆ ದಪ್ಪವನ್ನು ಒಳಕ್ಕೆ ಕಳೆದು ದಾರ ಕಟ್ಟಿಸಬೇಕು.