ಬೆಂಗಳೂರಿನ 912, ಒಡಿಶಾದ 912

ತಂಗಿಯ ಮಗ ಹೊಸ ಫೋನ್ ಕೊಂಡಿದ್ದಾನೆ. ಅದರಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದೆಯಂತೆ. ಹೋದ ವಾರ ಮನೆಗೆ ಬಂದವನೇ ಅದನ್ನು ನನ್ನ ಮುಂದೆ ಹಿಡಿದ. "ಮಾವ, ಇದು ಕೆಟ್ಟಿದೆ ಅನ್ಸುತ್ತೆ. ಹವಾಮಾನದ ಆ್ಯಪ್‌ನಲ್ಲಿ 1012 ಅಂತಿದೆ, ಇದು 912 ತೋರಿಸ್ತಿದೆ!"

ಕೆಟ್ಟಿಲ್ಲ, ಎರಡೂ ಸರಿ ಎಂದೆ. ಅವನು ನಂಬಲಿಲ್ಲ. ವಿಮಾನ ನಿಲ್ದಾಣದ ಹವಾಮಾನ ಕೊಠಡಿಯಲ್ಲಿ 30 ವರ್ಷ ಈ ಎರಡು ಸಂಖ್ಯೆಗಳನ್ನೇ ಬರೆದುಕೊಂಡು ಕೂತವನ ಮಾತಿಗಿಂತ ಫೋನಿನ ಮೇಲೆ ನಂಬಿಕೆ ಜಾಸ್ತಿ.

912 ಅನ್ನುವುದು ಬೆಂಗಳೂರಿನಲ್ಲಿ ನಿಜವಾಗಿ ಇರುವ ಒತ್ತಡ, ಹೆಕ್ಟೊಪ್ಯಾಸ್ಕಲ್ ಲೆಕ್ಕದಲ್ಲಿ. ಹಳಬರು ಇದನ್ನೇ ಮಿಲಿಬಾರ್ ಅನ್ನುತ್ತಿದ್ದರು. ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಷ್ಟು ಗಾಳಿಯ ಭಾರ ನಮ್ಮ ತಲೆಯ ಮೇಲಿಲ್ಲ, ಕಾಲಿನ ಕೆಳಗೇ ಉಳಿದುಬಿಟ್ಟಿದೆ. (ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದೂ ಇದಕ್ಕೇ.) ಊರು ಸಮುದ್ರ ಮಟ್ಟದಲ್ಲಿದ್ದಿದ್ದರೆ ಒತ್ತಡ ಎಷ್ಟಿರುತ್ತಿತ್ತು ಅಂತ ಲೆಕ್ಕ ಹಾಕಿದರೆ 1012 ಬರುತ್ತದೆ. ಆ್ಯಪ್ ಕೊಡುವುದು ಅದನ್ನು. ಇಲ್ಲದಿದ್ದರೆ ಮಂಗಳೂರನ್ನೂ ಮಡಿಕೇರಿಯನ್ನೂ ಹೋಲಿಸುವುದು ಹೇಗೆ?

ನಂಬಿಕೆ ಬರಲಿ ಅಂತ ಅವನನ್ನು ಮೆಟ್ಟಿಲು ಹತ್ತಿಸಿದೆ. ಮೂರು ಮಹಡಿ ಹತ್ತುವಷ್ಟರಲ್ಲಿ ಫೋನು ಒಂದು ಅಂಕಿ ಇಳಿದಿತ್ತು. ಸುಮಾರು 9 ಮೀಟರ್ ಏರಿದರೆ ಇಲ್ಲಿ ಒಂದು ಹೆಕ್ಟೊಪ್ಯಾಸ್ಕಲ್ ಕಡಿಮೆಯಾಗುತ್ತದೆ. ವಿಮಾನದ ಆಲ್ಟಿಮೀಟರ್ ಎತ್ತರ ಹೇಳುವುದೂ ಈ ಲೆಕ್ಕದಲ್ಲೇ.

ನನ್ನನ್ನು ಬಹಳ ಕಾಲದಿಂದ ಕಾಡಿದ್ದು ಮಾತ್ರ ಇನ್ನೊಂದು 912. 1999ರ ಅಕ್ಟೋಬರ್ 29ರಂದು ಒಡಿಶಾ ಕರಾವಳಿಗೆ ಅಪ್ಪಳಿಸಿದ ಮಹಾ ಚಂಡಮಾರುತದ ನಟ್ಟನಡುವೆ ಒತ್ತಡ 912ಕ್ಕೆ ಇಳಿದಿತ್ತು ಎಂದು ಹವಾಮಾನ ಇಲಾಖೆಯ ಅಂದಾಜು. ಗಂಟೆಗೆ 260 ಕಿಲೋಮೀಟರ್ ಗಾಳಿ. ಸಾವಿರಾರು ಜನ ಸತ್ತರು. ಅದೇ 912ರಲ್ಲಿ ನಾವು ದಿನಾ ಬೆಳಗ್ಗೆ ಫಿಲ್ಟರ್ ಕಾಫಿ ಕುಡಿಯುತ್ತಿರುತ್ತೇವೆ, ತೆಂಗಿನ ಗರಿ ಕೂಡ ಅಲ್ಲಾಡಿರುವುದಿಲ್ಲ.

ಒತ್ತಡ ಕಡಿಮೆ ಇದ್ದ ಮಾತ್ರಕ್ಕೆ ಗಾಳಿ ಏಳುವುದಿಲ್ಲ. ಒಂದೇ ಮಟ್ಟದಲ್ಲಿ, ಪಕ್ಕಪಕ್ಕದ ಜಾಗಗಳ ನಡುವೆ ವ್ಯತ್ಯಾಸ ಇರಬೇಕು. ಬೆಂಗಳೂರಿನ ನೂರು ಅಂಕಿಯ ಇಳಿಕೆ ಕೆಳಗಿಂದ ಮೇಲಕ್ಕೆ ಆಗಿರುವಂಥದ್ದು. ಛತ್ರದಲ್ಲಿ ಹಾಸಿಗೆಗಳನ್ನು ಒಟ್ಟಿರುತ್ತಾರಲ್ಲ, ಅಡಿಯ ಹಾಸಿಗೆ ಅದುಮಿ ಚಪ್ಪಟೆಯಾಗಿರುತ್ತದೆ. ಹಾಗಂತ ಅದು ಪುಟಿದು ಚಾವಣಿಗೆ ಹಾರುವುದಿಲ್ಲ, ಮೇಲಿನವುಗಳ ಭಾರ ಹಿಡಿದಿರುತ್ತದೆ. ಗಾಳಿಯೂ ಹಾಗೇ. ಒಡಿಶಾದಲ್ಲಿ ಅಷ್ಟೇ ವ್ಯತ್ಯಾಸ ಸಮುದ್ರದ ಮೇಲೆ ಅಡ್ಡಡ್ಡಕ್ಕೆ ಇತ್ತು. ಅಲ್ಲಿ ಹಿಡಿದಿಡಲು ಯಾವ ಭಾರವೂ ಇರಲಿಲ್ಲ.

ಪತ್ರಿಕೆಗಳಲ್ಲಿ 'ವಾಯುಭಾರ ಕುಸಿತ' ಅಂತ ಬರುತ್ತದಲ್ವಾ, ಅದು ಸಾಮಾನ್ಯವಾಗಿ ಇಷ್ಟು ಭಯಂಕರವಲ್ಲ. ಸುತ್ತಲಿಗಿಂತ ನಾಲ್ಕಾರು ಅಂಕಿ ತಗ್ಗಿದ್ದರೂ ನಮ್ಮ ಕಡೆ ಅದು ಸುದ್ದಿಯೇ. ತೊಂದರೆ ಏನೆಂದರೆ, ಏನೂ ಆಗದ ದಿನವೂ ಒತ್ತಡ ಹೆಚ್ಚುಕಡಿಮೆ ಅಷ್ಟೇ ಏರಿಳಿಯುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೆ ಮೇಲೆ, ಸಂಜೆ ನಾಲ್ಕಕ್ಕೆ ಕೆಳಗೆ, ರಾತ್ರಿ ಹತ್ತಕ್ಕೆ ಮತ್ತೆ ಮೇಲೆ, ನಸುಕಿನ ನಾಲ್ಕಕ್ಕೆ ಮತ್ತೆ ಕೆಳಗೆ. ಬಿಸಿಲು ಇಡೀ ವಾತಾವರಣವನ್ನು ಕಾಯಿಸಿ ಎಬ್ಬಿಸುವ ಅಲೆ ಇದು, ಗಾಳಿಯ ಉಬ್ಬರವಿಳಿತ ಅನ್ನಿ. ದಕ್ಷಿಣ ಭಾರತದಲ್ಲಿ ಮೂರು ನಾಲ್ಕು ಅಂಕಿಯ ಏರಿಳಿತ ಮಾಮೂಲು. ಮಧ್ಯಾಹ್ನ ಬ್ಯಾರೋಮೀಟರ್ ಇಳಿಯಿತು ಅಂತ ಒಣಹಾಕಿದ ಹಪ್ಪಳ ಎತ್ತಬೇಕಿಲ್ಲ. ಅದಕ್ಕೇ ನಾವು ಬೆಳಗಿನದನ್ನು ಸಂಜೆಯದರ ಜೊತೆ ಹೋಲಿಸುವುದಿಲ್ಲ. ಇವತ್ತಿನ ಎಂಟೂವರೆಯನ್ನು ನಿನ್ನೆಯ ಎಂಟೂವರೆಯ ಜೊತೆ ಇಟ್ಟು ನೋಡುತ್ತೇವೆ.

ಈ ಅಭ್ಯಾಸ ನನ್ನನ್ನು ಒಮ್ಮೆ ಕಾಪಾಡಿದೆ. ಕೆಲಸಕ್ಕೆ ಸೇರಿದ ಹೊಸತು, 1008 ಬರೆಯಬೇಕಾದಲ್ಲಿ 1018 ಬರೆದಿದ್ದೆ. ಹಿರಿಯ ಸಹೋದ್ಯೋಗಿ ಹಾಳೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು?" ನಿನ್ನೆ 1009. "ಒಂದು ದಿನಕ್ಕೆ ಒಂಬತ್ತು ಏರಕ್ಕೆ ಇದೇನು ಲಂಡನ್ ಏನಯ್ಯಾ?" ಆ ಸಂಖ್ಯೆ ಹಾಗೇ ಪೈಲಟ್‌ಗೆ ಹೋಗಿದ್ದರೆ ಅವರ ಆಲ್ಟಿಮೀಟರ್ ಇರುವುದಕ್ಕಿಂತ 80 ಮೀಟರಿನಷ್ಟು ಹೆಚ್ಚು ತೋರಿಸುತ್ತಿತ್ತು. ಮೋಡ ತಗ್ಗಿದ್ದ ದಿನ ಅದು. ಈಗಲೂ ಹೊಟ್ಟೆ ಕಲಕುತ್ತದೆ.

ಇನ್ನು ಗಾಳಿಯ ದಿಕ್ಕು. ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆ ಬೀಸುತ್ತದೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ಅದು ಅರ್ಧ ನಿಜ. ಭೂಮಿ ತಿರುಗುತ್ತಿರುವುದರಿಂದ ನಮ್ಮ ಉತ್ತರಾರ್ಧದಲ್ಲಿ ಗಾಳಿ ಬಲಕ್ಕೆ ವಾಲುತ್ತದೆ, ತಗ್ಗಿನೊಳಕ್ಕೆ ನೇರ ನುಗ್ಗದೆ ಅದನ್ನು ಸುತ್ತುಹಾಕುತ್ತದೆ. 1857ರಲ್ಲಿ ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ ಇದಕ್ಕೆ ಒಂದು ಸುಲಭ ಸೂತ್ರ ಕೊಟ್ಟರು. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ನಿಮ್ಮ ಎಡಗಡೆ. ಚೆನ್ನೈ ಆಚೆ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದ ದಿನ ಬೆಂಗಳೂರಿನವರು ತಾರಸಿಗೆ ಹೋಗಿ ನೋಡಿ. ಗಾಳಿ ಬಡಗಣದಿಂದಲೋ ಈಶಾನ್ಯದಿಂದಲೋ ಬೀಸುತ್ತಿರುತ್ತದೆ. ಬೆನ್ನು ಕೊಟ್ಟರೆ ಎಡಗೈ ಹೆಚ್ಚುಕಡಿಮೆ ಚೆನ್ನೈ ಕಡೆಗಿರುತ್ತದೆ.

ಉಷ್ಣಾಂಶದ ಬಗ್ಗೆ ಒಂದೇ ಮಾತು. ಎತ್ತರಕ್ಕೆ ಹೋದರೆ ಸೂರ್ಯ ಹತ್ತಿರ, ಆದರೂ ಚಳಿ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಗಾಳಿಯನ್ನು ಹೆಚ್ಚಾಗಿ ಕಾಯಿಸುವುದು ಕೆಳಗಿನ ನೆಲ. ಮೇಲೇರಿದ ಗಾಳಿ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದ್ದು ತಣ್ಣಗಾಗುತ್ತದೆ. ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ. ಹಾಗಾದರೆ ಬೆಂಗಳೂರು ಮಂಗಳೂರಿಗಿಂತ ಆರು ಡಿಗ್ರಿ ತಂಪಿರಬೇಕಲ್ಲ? ಮಾರ್ಚ್ ಮಧ್ಯಾಹ್ನ ಎರಡೂ ಕಡೆ 33 ಡಿಗ್ರಿ ಆಸುಪಾಸು! ಮಂಗಳೂರಿಗೆ ಕಡಲ ಗಾಳಿ ಇದೆ. ನೆಲ ಕಾದು ದಡದ ಈಚೆ ಒತ್ತಡ ಒಂದು ಅಂಕಿಯಷ್ಟು ತಗ್ಗಿದರೂ ಸಾಕು, ನೀರಿನ ಮೇಲಿನ ತಂಪು ಗಾಳಿ ಊರೊಳಗೆ ಬರುತ್ತದೆ. ಬೆಂಗಳೂರಿನ ಎತ್ತರ ಗೊತ್ತಾಗುವುದು ರಾತ್ರಿ, ಹೊದಿಕೆ ಎಳೆದುಕೊಂಡಾಗ.

ನಮ್ಮ ಕೊಠಡಿಯಲ್ಲಿ ಒಂದು ಬ್ಯಾರೋಗ್ರಾಫ್ ಇತ್ತು. ತಿರುಗುವ ಡ್ರಮ್ಮಿಗೆ ಸುತ್ತಿದ ಹಾಳೆ, ಅದರ ಮೇಲೆ ಶಾಯಿಯ ಮುಳ್ಳು ಗೆರೆ ಎಳೆಯುತ್ತಿತ್ತು. ದಿನಕ್ಕೆ ಎರಡು ಗುಡ್ಡ, ಎರಡು ಕಣಿವೆ. ಏಪ್ರಿಲ್ ಸಂಜೆ ಗುಡುಗು ಮಳೆ ಬರುವ ಮುಂಚೆ ಮಾತ್ರ ಗೆರೆ ತಟ್ಟನೆ ಮೇಲೆದ್ದು ಚೂಪಾಗುತ್ತಿತ್ತು. ಅದನ್ನು ನಾವು ಮೂಗು ಅನ್ನುತ್ತಿದ್ದೆವು. ಮೋಡದಿಂದ ತಣ್ಣನೆಯ ಭಾರದ ಗಾಳಿ ನೆಲಕ್ಕೆ ಸುರಿದ ಗುರುತು ಅದು. ಆಗಲೇ ಬಾಗಿಲು ಪಟಪಟ ಬಡಿದುಕೊಳ್ಳುತ್ತದೆ, ಮಣ್ಣಿನ ವಾಸನೆ ಬರುತ್ತದೆ, ಮಳೆ ಆಮೇಲೆ. ಫೋನಿನ ಗ್ರಾಫಿನಲ್ಲೂ ಮೂಗು ಕಾಣಬೇಕು, ಏಪ್ರಿಲ್‌ನಲ್ಲಿ ನೋಡಿ ಹೇಳು ಅಂತ ಹುಡುಗನನ್ನು ಕಳಿಸಿದ್ದೇನೆ.