ಆ ಪುಟ ನೀವೇ ತೆರೆದು ನೋಡಿದ್ದೀರಾ?

ಪಿಎಚ್‌.ಡಿ. ವಿದ್ಯಾರ್ಥಿಗಳು ಅಧ್ಯಾಯ ತಂದುಕೊಟ್ಟಾಗ ನಾನು ಮೊದಲು ಓದುವುದು ಅಡಿಟಿಪ್ಪಣಿಗಳನ್ನು. ಯಾರು ಪುಸ್ತಕದ ಜೊತೆ ಕೂತು ಓದಿದ್ದಾರೆ, ಯಾರು ಅವಸರದಲ್ಲಿ ಇಳಿಸಿಕೊಂಡಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹೋದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಕಾಯಕದ ಬಗ್ಗೆ ಅಧ್ಯಾಯ ತಂದಳು. ‘ಕಾಯಕವೇ ಕೈಲಾಸ ಎಂದು ಬಸವಣ್ಣನವರು ಹೇಳಿದ್ದಾರೆ’ ಅಂತ ಒಂದು ವಾಕ್ಯ. ಕೆಳಗೆ ಬಸವಣ್ಣನವರ ವಚನ ಸಂಪುಟದ ಹೆಸರು, ಇಸವಿ, ಪುಟ ಸಂಖ್ಯೆ. ಲೈಬ್ರರಿಯಿಂದ ಸಂಪುಟ ತರಿಸಿ ಆ ಪುಟ ತೆಗೆದೆ. ಆ ಮಾತು ಅಲ್ಲಿರಲಿಲ್ಲ.

‘ಎಲ್ಲಿಂದ ತಗೊಂಡೆಯಮ್ಮಾ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ಥೀಸಿಸ್‌ನಲ್ಲಿತ್ತು ಮೇಡಂ, ಅವರು ಹೀಗೇ ಕೊಟ್ಟಿದ್ದರು’ ಅಂದಳು. ಆ ಥೀಸಿಸ್ ತೆಗೆದು ನೋಡಿದೆವು. ಅದೇ ಸಂಪುಟ, ಅದೇ ಪುಟ. ಅದಕ್ಕಿಂತ ಹಿಂದಿನ ಇನ್ನೊಂದು ಥೀಸಿಸ್‌ನಲ್ಲೂ ಅದೇ ಪುಟ. ಮೊದಲು ಯಾರು ತಪ್ಪು ಬರೆದರೋ ಗೊತ್ತಿಲ್ಲ, ಆಮೇಲಿನವರು ಯಾರೂ ಸಂಪುಟ ತೆರೆದಿರಲಿಲ್ಲ.

ಪದ್ಯಕ್ಕೆ ಉದ್ಧರಣ ಚಿಹ್ನೆ ಹಾಕಿ, ಲೇಖಕರ ಹೆಸರು ಬಿಡಬೇಡಿ ಅಂತ ನಾನು ಇಲ್ಲಿ ಹೇಳುವುದಿಲ್ಲ. ಅದು ಎಲ್ಲರಿಗೂ ಗೊತ್ತು. ನಾನು ಎಷ್ಟು ಹೇಳಿದರೂ ವಿದ್ಯಾರ್ಥಿಗಳ ಮನಸ್ಸಿಗೆ ಇಳಿಯದಿರುವುದು ಇದೊಂದೇ: ಅಡಿಟಿಪ್ಪಣಿಯಲ್ಲಿ ನೀವು ಓದಿದ ಪುಸ್ತಕದ ಹೆಸರಿರಬೇಕು. ನೀವು ಓದಿದ ಪುಸ್ತಕದ ಲೇಖಕರು ಓದಿದ ಪುಸ್ತಕದ್ದಲ್ಲ.

‘ಮೂಲ ಅದೇ ಅಲ್ವಾ ಮೇಡಂ’ ಅಂತಾರೆ. ಮೂಲ ಅದೇ ಇರಬಹುದು. ಆದರೆ ನಿಮ್ಮ ಕೈಗೆ ಬಂದದ್ದು ಇನ್ನೊಬ್ಬರ ಮೂಲಕ. ಆ ಸಾಲನ್ನು ಹುಡುಕಿ, ಆರಿಸಿ, ಈ ವಾದಕ್ಕೆ ಇದು ಒಪ್ಪುತ್ತದೆ ಅಂತ ತೋರಿಸಿದ್ದು ಅವರ ಶ್ರಮ. ಅವರ ಹೆಸರು ಬಿಟ್ಟು ನೇರವಾಗಿ ಮೂಲಕ್ಕೆ ಕೈತೋರಿಸಿದರೆ ಎರಡು ತಪ್ಪಾಗುತ್ತದೆ. ಅವರ ಶ್ರಮ ನಿಮ್ಮದಾಗುತ್ತದೆ. ಅವರ ತಪ್ಪೂ ನಿಮ್ಮದಾಗುತ್ತದೆ. ವೈವಾದಲ್ಲಿ ಪರೀಕ್ಷಕರು ಪ್ರಶ್ನೆ ಕೇಳುವುದು ನಿಮ್ಮನ್ನೇ.

ದಾರಿ ಕಷ್ಟದ್ದಲ್ಲ. ಮೂಲ ಸಿಗದಿದ್ದರೆ ವಚನಕಾರರ ಹೆಸರು ಬರೆದು, ಪಕ್ಕದಲ್ಲಿ ‘ಉದ್ಧೃತ’ ಅಂತ ಹಾಕಿ, ನೀವು ಓದಿದ ಪುಸ್ತಕದ ಲೇಖಕರು, ಶೀರ್ಷಿಕೆ, ಪುಟ ಕೊಡಿ. ಆಕರ ಸೂಚಿಸುವ ಎಂಎಲ್ಎ, ಎಪಿಎ ಶೈಲಿಗಳಲ್ಲೂ ಇದಕ್ಕೆ ಜಾಗವಿದೆ. ಹೀಗೆ ಬರೆದರೆ ಸೋಮಾರಿ ಅಂದುಕೊಳ್ಳುತ್ತಾರೆ ಅನ್ನುವ ಭಯ ಬಹಳ ಜನರಿಗಿದೆ. ಪುಟಕ್ಕೆ ನಾಲ್ಕು ಸಲ ಬಂದರೆ ಅಂದುಕೊಳ್ಳಬಹುದು. ಅಧ್ಯಾಯದಲ್ಲಿ ಒಂದೆರಡು ಸಲ ಬಂದರೆ ನಾನಂತೂ ಪ್ರಾಮಾಣಿಕರು ಅಂದುಕೊಳ್ಳುತ್ತೇನೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಬೇರೆ ಇದ್ದರೆ ಗೈಡ್ ಹತ್ತಿರ ಕೇಳಿಕೊಳ್ಳಿ.

ಇನ್ನು ಪರ್ಸೆಂಟೇಜ್, ಅಂದರೆ ಥೀಸಿಸ್‌ನ ಎಷ್ಟು ಭಾಗ ಬೇರೆಯವರ ಬರಹಕ್ಕೆ ಹೋಲುತ್ತದೆ ಅಂತ ಸಾಫ್ಟ್‌ವೇರ್ ರಿಪೋರ್ಟ್‌ನಲ್ಲಿ ಕೊಡುವ ಲೆಕ್ಕ. ಯುಜಿಸಿಯ 2018ರ ನಿಯಮದ ಪ್ರಕಾರ ಸಾಮ್ಯ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಹೆಸರು ಹೇಳಿ ಸರಿಯಾಗಿ ಉದ್ಧರಿಸಿದ್ದನ್ನು ಆ ಲೆಕ್ಕಕ್ಕೆ ಸೇರಿಸುವುದೂ ಇಲ್ಲ. ಹೀಗಿದ್ದೂ ಮಕ್ಕಳು ರಿಪೋರ್ಟ್‌ಗೆ ಹೆದರಿ ಉದ್ಧರಣವನ್ನೇ ಕಿತ್ತು, ಪದ ಆಚೀಚೆ ಮಾಡಿ ಬರೆಯುತ್ತಾರೆ. ತೆರೆಯದ ಪುಸ್ತಕಕ್ಕೆ ಕೊಟ್ಟ ಅಡಿಟಿಪ್ಪಣಿಯನ್ನು ಯಾವ ಸಾಫ್ಟ್‌ವೇರೂ ಹಿಡಿಯುವುದಿಲ್ಲ. ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ, ತಪ್ಪು ಮಾತ್ರ ಹಾಗೇ ಉಳಿಯುತ್ತದೆ.

ಇವರ ಕಷ್ಟವೂ ನನಗೆ ಗೊತ್ತು. ಎಷ್ಟೋ ಜನ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ, ಬಸ್ಸಿನಲ್ಲಿ ಓದುತ್ತಾ ಥೀಸಿಸ್ ಮುಗಿಸುವವರು. ಊರಿನ ಗ್ರಂಥಾಲಯದಲ್ಲಿ ಬೇಕಾದ ಪುಸ್ತಕ ಇರುವುದಿಲ್ಲ. ಆದರೆ ವಚನಗಳ ಮಟ್ಟಿಗೆ ಈ ಕೊರತೆ ಈಗ ಕಡಿಮೆ. ಸರ್ಕಾರ ತಂದ ಸಮಗ್ರ ವಚನ ಸಂಪುಟಗಳು 15 ಇವೆ. ಜಾಲತಾಣದಲ್ಲಿ ‘ವಚನ ಸಂಚಯ’ ಇದೆ. ಒಂದು ಪದ ಕೊಟ್ಟರೆ ಅದು ಬರುವ ವಚನಗಳು ಮೊಬೈಲ್‌ನಲ್ಲೇ ಸಿಗುತ್ತವೆ. ಅಲ್ಲಿ ಹುಡುಕಿ, ಆಮೇಲೆ ಅಚ್ಚಾದ ಸಂಪುಟದ ಜೊತೆ ತಾಳೆ ನೋಡಿ. ಆವೃತ್ತಿಯಿಂದ ಆವೃತ್ತಿಗೆ ವಚನದ ಸಂಖ್ಯೆ ಬದಲಾಗುತ್ತದೆ, ಹಾಗಾಗಿ ಯಾವ ಆವೃತ್ತಿ ಅಂತ ಮರೆಯದೆ ಬರೆಯಿರಿ.

ನನ್ನ ವಿದ್ಯಾರ್ಥಿನಿಯೂ ಹೀಗೇ ಹುಡುಕಿದಳು. ‘ಕಾಯಕವೇ ಕೈಲಾಸ’ ಸಿಕ್ಕಿದ್ದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಂಕಿತ ಅಮರೇಶ್ವರಲಿಂಗ. ಬಸವಣ್ಣನವರ ವಿಚಾರವೂ ಅದೇ ದಿಕ್ಕಿನದು ಇರಬಹುದು, ಅದು ಬೇರೆ ಚರ್ಚೆ. ಈ ಮಾತು ಮಾರಯ್ಯನದು. ಪೂರ್ತಿ ವಚನ ಓದಿದವಳು ಮರುದಿನ ಬೆಳಿಗ್ಗೆಯೇ ನನ್ನ ಕೋಣೆಗೆ ಬಂದಳು. ‘ಮೇಡಂ, ಕಾಯಕದಲ್ಲಿ ತೊಡಗಿದ್ದಾಗ ಗುರುದರ್ಶನ, ಲಿಂಗಪೂಜೆ ಎರಡನ್ನೂ ಮರೆಯಬೇಕು ಅಂತಾನೆ. ಜಂಗಮ ಎದುರಿಗೆ ನಿಂತಿದ್ದರೂ ಹಂಗು ಹರಿಯಬೇಕು ಅಂತಾನೆ. ನಾನು ಬರೆದದ್ದು ಇದಕ್ಕೆ ಸಾಲಲ್ಲ’ ಅಂದಳು. ಅಧ್ಯಾಯ ವಾಪಸ್ ತಗೊಂಡು ಹೋದಳು. ಆರು ವಾರ ಬಿಟ್ಟು ತಂದಾಗ ಮೊದಲ ಹತ್ತು ಪುಟ ಹೊಸದಾಗಿತ್ತು.