ಅಂಟುವಾಳದಿಂದ ಬಂಡೆ ತೊಳೆಯುವ ಮುನ್ನ

ಪೆಟ್ರೋಲಿಯಂ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಅಥವಾ ಪಿಎಚ್.ಡಿ. ಮಾಡಬೇಕೆಂದು ಹಾಸನ, ಚಿಕ್ಕಮಗಳೂರು ಕಡೆಯ ಹುಡುಗ ಹುಡುಗಿಯರು ಬರೆದು ತರುವ ಸಂಶೋಧನಾ ಪ್ರಸ್ತಾವಗಳಲ್ಲಿ ಮತ್ತೆ ಮತ್ತೆ ಒಂದೇ ವಿಷಯ ಇರುತ್ತದೆ. ಅಂಟುವಾಳ ಅಥವಾ ಸೀಗೆಕಾಯಿಯಿಂದ ನೊರೆ ಕೊಡುವ ಸಪೋನಿನ್ ತೆಗೆಯುವುದು, ಅದನ್ನು ಹಸಿರು ಸರ್ಫ್ಯಾಕ್ಟಂಟ್ (ಸಾಬೂನಿನಂತೆ ಎಣ್ಣೆ, ನೀರಿನ ನಡುವೆ ಕೆಲಸ ಮಾಡುವ ವಸ್ತು) ಎಂದು ಬಳಸಿ ಹಳೆಯ ಬಾವಿಯಲ್ಲಿ ಉಳಿದ ಕಚ್ಚಾತೈಲವನ್ನು ಹೊರತರುವುದು. ನಮ್ಮ ಕಾಡಿನ ಮರದ ಕಾಯಿ ದೇಶಕ್ಕೆ ಉಪಯೋಗವಾಗಲಿ ಎಂಬ ಆಸೆ ಇದೆಯಲ್ಲ, ಅದು ನನಗೆ ತುಂಬ ಇಷ್ಟ. ಆದರೆ ಅದರ ಬೆನ್ನಿಗೇ ಬರುವ ಒಂದು ವಾಕ್ಯ ಓದಿ ಓದಿ ಸಾಕಾಗಿದೆ: ‘ಇಂಟರ್‌ಫೇಶಿಯಲ್ ಟೆನ್ಶನ್ (ಎಣ್ಣೆ, ನೀರು ಕೂಡುವ ಮೇಲ್ಮೈಯ ಬಿಗಿತ) ಮೀಟರಿಗೆ 30 ಮಿಲಿನ್ಯೂಟನ್‌ನಿಂದ 3ಕ್ಕೆ ಇಳಿಯಿತು, ಅಂದರೆ ಶೇ 90 ಇಳಿಕೆ, ಆದ್ದರಿಂದ ಸಿಕ್ಕಿಬಿದ್ದ ಎಣ್ಣೆ ಬಿಡುಗಡೆಯಾಗುತ್ತದೆ.’

ಆ ‘ಆದ್ದರಿಂದ’ ತಪ್ಪು. ಶೇ 90 ಇಳಿದರೂ ಎಣ್ಣೆ ಇದ್ದಲ್ಲೇ ಇರುತ್ತದೆ.

ತಲೆಗೆ ಹರಳೆಣ್ಣೆ ಹಚ್ಚಿ ಅಂಟುವಾಳದ ನೊರೆಯಲ್ಲಿ ತೊಳೆದರೆ ಜಿಡ್ಡು ಹೋಗುತ್ತದೆ, ನಿಜ. ಅಲ್ಲಿ ಕೈ ಉಜ್ಜುತ್ತದೆ, ಚೊಂಬಿನಿಂದ ನೀರು ರಭಸವಾಗಿ ಬೀಳುತ್ತದೆ. ಬಂಡೆಯೊಳಗೆ ಉಜ್ಜುವ ಕೈ ಇಲ್ಲ. ಎಣ್ಣೆ ತಳ್ಳಲೆಂದು ನೀರು ಹಾಯಿಸಿದ ಮೇಲೆ ಮರಳುಗಲ್ಲಿನಲ್ಲಿ ಉಳಿಯುವ ಎಣ್ಣೆ ಬಿಡಿಬಿಡಿ ಹನಿಯಾಗಿ ಒಂದೊಂದು ರಂಧ್ರದಲ್ಲಿ ಕೂತಿರುತ್ತದೆ. ರಂಧ್ರದ ಹೊಟ್ಟೆಯ ತ್ರಿಜ್ಯ 25 ಮೈಕ್ರಾನ್, ಮುಂದಿನ ಕತ್ತಿನದು 5 ಮೈಕ್ರಾನ್, ಹನಿಯ ಉದ್ದ 200 ಮೈಕ್ರಾನ್ ಎಂದಿಟ್ಟುಕೊಳ್ಳಿ. ಟೆನ್ಶನ್ 30 ಇದ್ದಾಗ ಆ ಹನಿ ಕತ್ತಿನೊಳಗೆ ನುಸುಳಲು ಸುಮಾರು 9,600 ಪ್ಯಾಸ್ಕಲ್ ಒತ್ತಡ ಬೇಕು. ಅಂದರೆ ಒಂದು ಮೀಟರ್ ಎತ್ತರದ ನೀರಿನ ಭಾರ. ಆ ಹನಿಯ ಹಿಂದೆ ನಿಜಕ್ಕೂ ಇರುವ ತಳ್ಳುವಿಕೆ ಎಷ್ಟು? ನೀರು ದಿನಕ್ಕೆ ಒಂದು ಅಡಿ ಸಾಗುತ್ತಿದೆ, ಬಂಡೆಯ ಪರ್ಮಿಯಬಿಲಿಟಿ, ಅಂದರೆ ದ್ರವವನ್ನು ಹರಿಯಗೊಡುವ ಗುಣ, 200 ಮಿಲಿಡಾರ್ಸಿ ಎಂದು ಲೆಕ್ಕ ಹಾಕಿದರೆ ಹನಿಯ ಉದ್ದಕ್ಕೆ ಸಿಗುವುದು 3.5 ಪ್ಯಾಸ್ಕಲ್. ನೀರಿನ ಎತ್ತರದಲ್ಲಿ ಹೇಳುವುದಾದರೆ ಒಂದು ಮಿಲಿಮೀಟರ್‌ನ ಮೂರನೇ ಒಂದು ಭಾಗ.

ಈಗ ಅಂಟುವಾಳ ಹಾಕಿ, ಟೆನ್ಶನ್ 3ಕ್ಕೆ ಇಳಿಸಿ. ಬೇಕಾದ ಒತ್ತಡ ಒಂದು ಮೀಟರ್‌ನಿಂದ ಹತ್ತು ಸೆಂಟಿಮೀಟರ್‌ಗೆ, ಅಂದರೆ ಅರ್ಧ ಗೇಣಿಗೆ ಇಳಿಯಿತು. ತಳ್ಳುವುದು ಮಾತ್ರ ಆ ಮಿಲಿಮೀಟರ್‌ನ ಮೂರನೇ ಒಂದು ಭಾಗವೇ. ಟೆನ್ಶನ್ 0.3 ಆದರೂ ಸಾಲದು, 0.03 ಆದರೂ ಈ ಹನಿಗೆ ಸಾಲದು. 0.01ರಿಂದ 0.003ರ ಆಸುಪಾಸಿಗೆ ಬಂದಾಗ ಹನಿ ಮಿಸುಕುತ್ತದೆ. ಹತ್ತು ಪಟ್ಟು ಇಳಿಸಿದ್ದಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಕೆಲಸ ಮುಗಿಯಿತು ಎನ್ನುವಂತಿಲ್ಲ. ಇಳಿಯಬೇಕಾದ್ದು ಮೂರು ನಾಲ್ಕು ಮೆಟ್ಟಿಲು, ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ನೀವು ಇಳಿದದ್ದು ಒಂದು. ಕ್ಯಾಪಿಲರಿ ನಂಬರ್ ಎಂಬುದು ಹೇಳುವುದೂ ಇದನ್ನೇ. ವೇಗವನ್ನು ಸ್ನಿಗ್ಧತೆಯಿಂದ ಗುಣಿಸಿ ಟೆನ್ಶನ್‌ನಿಂದ ಭಾಗಿಸಿದರೆ ಬರೀ ನೀರಿಗೆ 10ರ ಮೈನಸ್ 7ನೇ ಘಾತದಷ್ಟು ಬರುತ್ತದೆ. ಗಣನೀಯವಾಗಿ ಎಣ್ಣೆ ಬಿಡಿಸಲು ಮೈನಸ್ 4 ಅಥವಾ ಮೈನಸ್ 3ಕ್ಕೆ ಹೋಗಬೇಕು. ಗ್ರಾಫ್ ಬಿಡಿಸುವಾಗ ಲಾಗ್ ಸ್ಕೇಲ್‌ನಲ್ಲಿ ಬಿಡಿಸಿ, ಎಲ್ಲಿ ನಿಂತಿದ್ದೀರಿ ಎಂದು ಕಣ್ಣಿಗೇ ಕಾಣುತ್ತದೆ.

ಇನ್ನಷ್ಟು ಪುಡಿ ಹಾಕಿದರೆ ಟೆನ್ಶನ್ ಇಳಿಯುವುದಿಲ್ಲವೇ ಎಂದು ಕೇಳುತ್ತಾರೆ. ಸರ್ಫ್ಯಾಕ್ಟಂಟ್‌ನ ಅಣುಗಳು ಮೈಸೆಲ್ ಎಂಬ ಗುಂಪು ಕಟ್ಟುವ ಸಾಂದ್ರತೆ ದಾಟಿದ ಮೇಲೆ ಹೆಚ್ಚು ಹಾಕಿದ್ದೆಲ್ಲ ಮೈಸೆಲ್‌ಗೇ ಹೋಗುತ್ತದೆ, ಟೆನ್ಶನ್ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಸೋಡಾ ಕ್ಷಾರ ಸೇರಿಸಿ, ಉಪ್ಪಿನ ಪ್ರಮಾಣ ಹೊಂದಿಸಿ, ಇನ್ನೊಂದು ಸರ್ಫ್ಯಾಕ್ಟಂಟ್ ಜೊತೆ ಬೆರೆಸಿ ನೋಡಬೇಕಾದೀತು. ಇಷ್ಟು ಕಡಿಮೆ ಟೆನ್ಶನ್ ಅಳೆಯುವುದಕ್ಕೂ ತೂಗುವ ಹನಿಯ ಆಕಾರ ನೋಡುವ ಪೆಂಡೆಂಟ್ ಡ್ರಾಪ್ ಸಾಲದು, ಹನಿಯನ್ನು ಗಿರಗಿರ ತಿರುಗಿಸಿ ಅಳೆಯುವ ಸ್ಪಿನ್ನಿಂಗ್ ಡ್ರಾಪ್ ಯಂತ್ರವೇ ಬೇಕು. ಸೀಮೆಎಣ್ಣೆಯಲ್ಲಿ ಅಳೆದ ಸಂಖ್ಯೆಯನ್ನು ಕಚ್ಚಾತೈಲಕ್ಕೆ ಹೊಂದಿಸಬೇಡಿ. ಸೀಮೆಎಣ್ಣೆಯಲ್ಲಿ ಕ್ಷಾರದ ಜೊತೆ ಸೇರಿ ಸಾಬೂನಾಗುವ ಆಮ್ಲಗಳೂ ಇಲ್ಲ, ಡಾಂಬರಿನಂಥ ಭಾರದ ಅಂಶವಾದ ಆಸ್ಫಾಲ್ಟೀನೂ ಇಲ್ಲ.

‘ಆದರೆ ಕೋರ್ ಫ್ಲಡ್‌ನಲ್ಲಿ ಶೇ 18 ಹೆಚ್ಚು ಎಣ್ಣೆ ಬಂತಲ್ಲ’ ಎನ್ನುವವರೂ ಇದ್ದಾರೆ. ಬಂದಿರಬಹುದು. ಎಲ್ಲಿಂದ ಬಂತು ಎಂದು ನೋಡಬೇಕು. ಕೋರ್ ಫ್ಲಡ್ ಎಂದರೆ ಕೋರ್ ಎಂಬ ಬಂಡೆಯ ಸಣ್ಣ ಉರುಳೆಯೊಳಗೆ ದ್ರವ ಹಾಯಿಸಿ ನೋಡುವ ಪ್ರಯೋಗ. 38 ಮಿ.ಮೀ. ವ್ಯಾಸ, 76 ಮಿ.ಮೀ. ಉದ್ದದ ಕೋರ್‌ನ ಗಾತ್ರ 86 ಸಿಸಿ. ರಂಧ್ರತೆ ಶೇ 20 ಇದ್ದರೆ ಪೋರ್ ವಾಲ್ಯೂಮ್ (ರಂಧ್ರಗಳ ಒಟ್ಟು ಗಾತ್ರ) 17 ಸಿಸಿ, ಅದರಲ್ಲಿ ಕಾಲು ಭಾಗ ನೀರು ಬಿಟ್ಟರೆ ಎಣ್ಣೆ 13 ಸಿಸಿ. ಕೋರ್ ಹೋಲ್ಡರ್‌ನಿಂದ ಬ್ಯುರೆಟ್‌ವರೆಗೆ ಹೋಗುವ ಎಂಟನೇ ಒಂದಂಗುಲದ ಸ್ಟೀಲ್ ಟ್ಯೂಬಿನ ಒಳವ್ಯಾಸ 1.75 ಮಿ.ಮೀ. ಒಂದು ಮೀಟರ್ ಟ್ಯೂಬಿನಲ್ಲಿ 2.4 ಸಿಸಿ ಹಿಡಿಯುತ್ತದೆ. ಅದು 13 ಸಿಸಿಯ ಶೇ 18! ಎಣ್ಣೆ ತುಂಬಿಸುವ ಹಂತ ಮುಗಿದಾಗ ಆ ಟ್ಯೂಬ್ ತುಂಬ ಎಣ್ಣೆಯೇ ಇರುತ್ತದೆ. ಅದನ್ನು ಕಳೆಯದಿದ್ದರೆ ಬಂಡೆ ಕೊಡದ ಎಣ್ಣೆ ನಿಮ್ಮ ಥೀಸಿಸ್‌ಗೆ ಸೇರುತ್ತದೆ. ಕೋರ್ ಹಾಕುವ ಮುಂಚೆಯೇ ಎರಡು ತುದಿಯ ಪ್ಲೇಟನ್‌ಗಳನ್ನು (ಕೋರ್‌ಗೆ ಒತ್ತಿ ಕೂರುವ ಮುಚ್ಚಳಗಳನ್ನು) ಮುಖಾಮುಖಿ ಕೂಡಿಸಿ, ನೀರು ತುಂಬಿ, ಎಣ್ಣೆಯಿಂದ ತಳ್ಳಿ, ಹೊರಬಂದ ನೀರನ್ನು ಅಳೆಯಿರಿ. ಒಳಬದಿ, ಹೊರಬದಿ ಬೇರೆ ಬೇರೆ ಬರೆದಿಡಿ, ಪ್ರತಿ ಹಂತದಲ್ಲೂ ಕಳೆಯಿರಿ.

ಎರಡನೆಯದು ಪಂಪಿನ ವೇಗ. ದಿನಕ್ಕೊಂದು ಅಡಿ ಎಂದರೆ ಈ ಕೋರ್‌ಗೆ ನಿಮಿಷಕ್ಕೆ 0.24 ಸಿಸಿ. ಆ ವೇಗದಲ್ಲಿ ನೀರು ಹಾಯಿಸಿ, ಸಂಜೆ ಲ್ಯಾಬ್ ಮುಚ್ಚುವ ಹೊತ್ತಾಯಿತೆಂದು ಅಂಟುವಾಳದ ದ್ರಾವಣವನ್ನು 2 ಸಿಸಿಯಲ್ಲಿ ಓಡಿಸಿದರೆ, ಬಂದ ಎಣ್ಣೆ ಕಾಯಿಯದ್ದೋ ಪಂಪಿನದ್ದೋ ಹೇಳಲಾಗದು. ಕಾಫಿ ಫಿಲ್ಟರ್‌ನಲ್ಲಿ ಡಿಕಾಕ್ಷನ್ ತೊಟ್ಟಿಕ್ಕುವುದು ನಿಂತ ಮೇಲೂ ಪುಡಿಯ ತಳ ಒದ್ದೆಯಾಗೇ ಇರುತ್ತದಲ್ಲ, ಎಣ್ಣೆಗೆ ಒಲಿದ ಬಂಡೆಯ ಹೊರತುದಿಯಲ್ಲೂ ಹಾಗೇ ಎಣ್ಣೆ ನಿಂತಿರುತ್ತದೆ. ವೇಗ ಹೆಚ್ಚಿಸಿದರೆ ಬರೀ ನೀರಿಗೂ ಅದು ಬರುತ್ತದೆ. ಆದ್ದರಿಂದ ಸರ್ಫ್ಯಾಕ್ಟಂಟ್‌ಗೆ ಮೊದಲು ಅದೇ ವೇಗದಲ್ಲಿ, ಅಷ್ಟೇ ಪೋರ್ ವಾಲ್ಯೂಮ್, ಬರೀ ಬ್ರೈನ್ (ಉಪ್ಪುನೀರು) ಹಾಯಿಸಿ. ಹೆಚ್ಚಿನ ಪ್ರಸ್ತಾವಗಳಲ್ಲಿ ಈ ಒಂದು ಸಾಲು ಇರುವುದೇ ಇಲ್ಲ.

ಬಂಡೆ ಎಷ್ಟು ಸಪೋನಿನ್ ಕುಡಿಯುತ್ತದೆ ಎಂಬ ಲೆಕ್ಕವೂ ಇರುವುದಿಲ್ಲ. ಈ ಕೋರ್‌ನ ತೂಕ ಸುಮಾರು 183 ಗ್ರಾಂ. ಗ್ರಾಂಗೆ 1 ಮಿಲಿಗ್ರಾಂ ಅಂಟಿಕೊಂಡರೂ 183 ಮಿಲಿಗ್ರಾಂ ಹೋಯಿತು. ಅರ್ಧ ಪೋರ್ ವಾಲ್ಯೂಮ್, ಶೇ 0.5ರ ದ್ರಾವಣದಲ್ಲಿ ನೀವು ಕಳಿಸಿದ್ದೇ 43 ಮಿಲಿಗ್ರಾಂ. ಕೋರ್‌ನ ಮೊದಲ ಕಾಲುಭಾಗ ದಾಟುವಷ್ಟರಲ್ಲಿ ಎಲ್ಲ ಖಾಲಿ.

ಹಾಸನದ ನೆಲದಡಿ ಇರುವುದು ಮುನ್ನೂರು ಕೋಟಿ ವರ್ಷಕ್ಕೂ ಹಳೆಯ ನೈಸ್ ಶಿಲೆ, ಅದರಲ್ಲಿ ಕೋರ್ ಫ್ಲಡ್‌ಗೆ ಬೇಕಾದ ರಂಧ್ರವಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಪೈಪ್‌ಲೈನ್ ಹಾಸನದ ಮೇಲೆ ಹಾಯುತ್ತದೆ, ನಮ್ಮ ಪಾಲಿನ ಪೆಟ್ರೋಲಿಯಂ ಅಷ್ಟೇ. ಹಾಗಾಗಿ ಬಿ.ಇ. ಪ್ರಾಜೆಕ್ಟಿಗೆ ಹೇಮಾವತಿಯ ಮರಳು ಜರಡಿ ಹಿಡಿದು ಕೊಳವೆಗೆ ತುಂಬುತ್ತಾರೆ. ಕಲಿಯಲು ಒಳ್ಳೆಯದು. ಆದರೆ ಅಂಥ ಮರಳಿನ ಪರ್ಮಿಯಬಿಲಿಟಿ ಹತ್ತಾರು ಡಾರ್ಸಿ, ಕತ್ತು ಅಗಲ, ಹಿಡಿತ ಸಡಿಲ. ಅದರ ಫಲಿತಾಂಶವನ್ನು ಗಟ್ಟಿ ಮರಳುಗಲ್ಲಿಗೆ ಒಯ್ಯಬೇಡಿ.

ಅಂಟುವಾಳವನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಮುಂಬೈ ಹೈ ತೈಲಕ್ಷೇತ್ರದಂಥ ಸುಣ್ಣಕಲ್ಲಿನಲ್ಲಿ ಎಣ್ಣೆಗೆ ಒಲಿದ ಮೇಲ್ಮೈಯನ್ನು ನೀರಿಗೆ ಒಲಿಸುವ ಗುಣ ಇದ್ದರೆ ಟೆನ್ಶನ್ ಅಷ್ಟು ಇಳಿಯದೆಯೂ ಪ್ರಯೋಜನವಾಗಬಹುದು. ಆದರೆ ಅಲ್ಲಿ ಅಳೆಯಬೇಕಾದ್ದು ಹನಿ ಬಂಡೆಯ ಮೇಲ್ಮೈಗೆ ತಾಗುವ ಕೋನ, ಅಂದರೆ ಕಾಂಟ್ಯಾಕ್ಟ್ ಆ್ಯಂಗಲ್, ಅದೂ ತೈಲವಿರುವ ಬಂಡೆಯ ಉಷ್ಣತೆಯಲ್ಲಿ. ಸಪೋನಿನ್ ನೊರೆ ಚೆನ್ನಾಗಿ ಕಟ್ಟುತ್ತದೆ. ಗ್ಯಾಸ್ ಹಾಯಿಸುವಾಗ ಅದು ಮುನ್ನುಗ್ಗದಂತೆ ತಡೆಯಲು ನೊರೆ ಬೇಕಾಗುತ್ತದೆ, ಎಣ್ಣೆ ತಾಗಿದಾಗ ಆ ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಎರಡು ವರ್ಷದ ಎಂ.ಟೆಕ್‌ಗೆ ಸರಿಯಾದ ಪ್ರಶ್ನೆ. ರಾಜಸ್ಥಾನದ ಬಾಡ್‌ಮೇರ್‌ನ ಮಂಗಳಾ ತೈಲಕ್ಷೇತ್ರದಲ್ಲಿ ದೊಡ್ಡ ಪ್ರಮಾಣದಲ್ಲಿ ಪಾಲಿಮರ್ ಹಾಯಿಸುತ್ತಿದ್ದಾರೆ. ಪಾಲಿಮರ್‌ನ ಮುಖ್ಯ ಉದ್ದೇಶ ಟೆನ್ಶನ್ ಇಳಿಸುವುದಲ್ಲ, ನೀರನ್ನು ಮಂದ ಮಾಡಿ ಎಣ್ಣೆಯನ್ನು ಸಮನಾಗಿ ದೂಡುವುದು. ಅದನ್ನೂ ಓದಿಕೊಳ್ಳಿ.

ಪ್ರವೇಶದ ವಿಷಯ ಎಲ್ಲರಿಗೂ ಗೊತ್ತಿರುವುದೇ. ಎಂ.ಟೆಕ್ ಪ್ರವೇಶ ಪರೀಕ್ಷೆ ಗೇಟ್‌ನಲ್ಲಿ ಪೆಟ್ರೋಲಿಯಂಗೆ ಪ್ರತ್ಯೇಕ ಪತ್ರಿಕೆ ಇದೆ. ಕೆಮಿಕಲ್, ಮೆಕ್ಯಾನಿಕಲ್ ಓದಿದವರನ್ನು ಎಲ್ಲೆಲ್ಲಿ ತೆಗೆದುಕೊಳ್ಳುತ್ತಾರೆಂದು ಧನಬಾದ್, ಜಾಯಸ್, ವಿಶಾಖಪಟ್ಟಣ ಮುಂತಾದ ಕಡೆಯ ಸಂಸ್ಥೆಗಳ ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಿ. ಸೇರುವ ಮುಂಚೆ ಗೈಡ್ ಆಗಲಿರುವವರಿಗೆ ಪತ್ರ ಬರೆಯುವಾಗ ಮೂರು ವಿಷಯ ಕೇಳಿ: ಲ್ಯಾಬಿನಲ್ಲಿ ಸ್ಪಿನ್ನಿಂಗ್ ಡ್ರಾಪ್ ಇದೆಯೇ, ಕೋರ್ ಫ್ಲಡ್ ಯಂತ್ರಕ್ಕೆ ಎಷ್ಟು ತಿಂಗಳ ಸರದಿ ಇದೆ, ನಿಜವಾದ ಕಚ್ಚಾತೈಲ ಸಿಗುತ್ತದೆಯೇ. ಮೂರನೆಯದಕ್ಕೆ ಇಲ್ಲ ಎಂದರೆ, ಊರಿನಿಂದ ಅಂಟುವಾಳದ ಚೀಲ ಹೊರುವ ಮೊದಲು ವಿಷಯದ ಬಗ್ಗೆ ಅವರೊಡನೆ ಇನ್ನೊಮ್ಮೆ ಮಾತಾಡಿ.